ಬೆಲ್ ಬೋರ್ಡಿನಲ್ಲಿ ನಮ್ಮೂರು

ಜರ್ಮನಿಗೆ ಓದಲು ಹೊರಟಾಗ ಎಲ್ಲರೂ ಒಂದೊಂದು ಬುದ್ಧಿಮಾತು ಹೇಳಿ ಕಳಿಸಿದ್ದರು. ದಪ್ಪ ಜಾಕೆಟ್ ತಗೋ. ಕುಕ್ಕರಿಗೆ ಒಂದು ಗ್ಯಾಸ್ಕೆಟ್ ಜಾಸ್ತಿ ಇಟ್ಕೋ. ಭಾನುವಾರ ಅಂಗಡಿ ತೆಗೆಯಲ್ಲ, ಹಾಲು ಶನಿವಾರವೇ ತಂದಿಟ್ಕೋ. ಎಲ್ಲವೂ ಸರಿಯೇ. ಆದರೆ ಅಂಚೆ ಡಬ್ಬಿಯ ಮೇಲೆ ಸರಿಯಾದ ಹೆಸರು ಅಂಟಿಸು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ಡ್ರೆಸ್ಡೆನ್‌ನಲ್ಲಿ ನನಗೆ ಸಿಕ್ಕಿದ್ದು ಹತ್ತು ಮಹಡಿಯ ಕಟ್ಟಡದಲ್ಲಿ ಒಂದೇ ಕೋಣೆಯ ಮನೆ. ಪೂರ್ವ ಜರ್ಮನಿ ಅಂತ ದೇಶ ಇದ್ದ ಕಾಲದಲ್ಲಿ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಎಬ್ಬಿಸಿದ್ದು. ನೋಡಲು ಬೆಂಕಿಪೊಟ್ಟಣ ಪೇರಿಸಿಟ್ಟ ಹಾಗಿದೆ. ಬಾಗಿಲ ಪಕ್ಕ ಸ್ಟೀಲಿನ ಬೆಲ್ ಬೋರ್ಡು. ನಲವತ್ತು ಗುಂಡಿ, ನಲವತ್ತು ಹೆಸರು. ಮನೆ ನಂಬರು ಎಲ್ಲಿ ಅಂತ ಹುಡುಕಿದೆ. ಇಲ್ಲವೇ ಇಲ್ಲ. ಇಲ್ಲಿ ಲಕೋಟೆಯ ಮೇಲೆ ಬೀದಿ, ಕಟ್ಟಡದ ನಂಬರು, ಐದಂಕಿಯ ಪಿನ್‌ಕೋಡು, ಊರು ಬರೆದರೆ ಮುಗಿಯಿತು. ಆ ನಲವತ್ತು ಮನೆಯಲ್ಲಿ ನೀವು ಯಾರು ಅಂತ ಅಂಚೆಯವನಿಗೆ ಹೇಳುವುದು ಡಬ್ಬಿಯ ಮೇಲಿನ ಚೀಟಿ ಒಂದೇ.

ನಾನೂ ಒಂದು ಚೀಟಿ ಹರಿದು, ನನ್ನ ಹೆಸರು ಬರೆದು, ಟೇಪು ಹಚ್ಚಿದೆ. ಬರೀ ಹೆಸರು. ಶಾಲೆಯಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಎಲ್ಲರೂ ಕರೆಯುವ ಹೆಸರು. ಅಲ್ಲೇ ಎಡವಿದ್ದು.

ನಮ್ಮ ಹಳೇ ಮೈಸೂರು ಕಡೆ ಮನೆತನದ ಹೆಸರು ಅಂತ ಒಂದು ಇರುವುದೇ ಅಪರೂಪ. ಇರುವುದು ಇನಿಷಿಯಲ್ಲು. ಮೊದಲನೆಯದು ಊರು, ಎರಡನೆಯದು ಅಪ್ಪ. ಎಚ್.ಡಿ. ದೇವೇಗೌಡರ ಎಚ್ ಅಂದರೆ ಹರದನಹಳ್ಳಿ, ಡಿ ಅಂದರೆ ದೊಡ್ಡೇಗೌಡ. ಸರ್ ಎಂ. ವಿಶ್ವೇಶ್ವರಯ್ಯನವರದು ಇನ್ನೂ ಮಜಾ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಎಂ ಮಾತ್ರ ಮೋಕ್ಷಗುಂಡಂ, ಹಿರಿಯರು ಯಾವತ್ತೋ ಬಿಟ್ಟುಬಂದ ಆಂಧ್ರದ ಊರು. ಊರು ಬಿಟ್ಟರೂ ಅಕ್ಷರ ಬಿಡಲಿಲ್ಲ.

ನನ್ನ ಇನಿಷಿಯಲ್ಲಿನ ಡಿ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ. ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ ಇದೆಯಲ್ಲ, ಅದೇ ಊರು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಮುಂದೆ ತೊಂದರೆ ಅಂತ ಯಾರೋ ಹೆದರಿಸಿದರು. ಸರಿ, ಊರ ಹೆಸರು ಬರೆದೆ. ಅವತ್ತಿಗೆ ಅದೊಂದು ಕಾಲಂ ತುಂಬುವ ಕೆಲಸ, ಅಷ್ಟೇ. ಇಂಗ್ಲಿಷಿನಲ್ಲಿ 15 ಅಕ್ಷರ, ಅದರಲ್ಲಿ 5 ಡಿ.

ಡ್ರೆಸ್ಡೆನ್‌ನಲ್ಲಿ ಇಳಿದ ದಿನದಿಂದ ನಾನು ಹೆರ್ ದೊಡ್ಡಗದ್ದವಳ್ಳಿ, ಅಂದರೆ ಶ್ರೀಯುತ ದೊಡ್ಡಗದ್ದವಳ್ಳಿ. ಅಪ್ಪ ಅಮ್ಮ ಇಟ್ಟ ಹೆಸರನ್ನು ಕಚೇರಿಗಳಲ್ಲಿ ಯಾರೂ ಕೇಳುವುದಿಲ್ಲ. ಹೊಸ ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಒಂದು ಕಾಗದ ಬೇಕು. ಆ ಕಾಗದದ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ನಮ್ಮೂರ ಹೆಸರು ಉದ್ದ ಅನ್ನುವ ಜನ ಇವರು!

ನೋಂದಣಿ ಆಯಿತು, ಬ್ಯಾಂಕ್ ಖಾತೆಯೂ ಆಯಿತು. ಕಾರ್ಡು ಅಂಚೆಯಲ್ಲಿ ಬರುತ್ತದೆ, ಪಿನ್ ಬೇರೆ ಲಕೋಟೆಯಲ್ಲಿ ಬರುತ್ತದೆ ಅಂದರು. ಒಂದು ವಾರ ಕಾದೆ. ಎರಡು ವಾರ. ದಿನಾ ಸಂಜೆ ಡಬ್ಬಿ ತೆಗೆದರೆ ಪಿಜ್ಜಾ ಅಂಗಡಿಯ ಪಾಂಪ್ಲೆಟ್ಟು. ಮೊದಲೇ ಕಟ್ಟಿ ಇಟ್ಟ ದುಡ್ಡಿನಲ್ಲಿ ತಿಂಗಳಿಗೆ 992 ಯೂರೋ ಖಾತೆಗೆ ಬಂದು ಬಿದ್ದಿದೆ, ತೆಗೆಯಲು ಕಾರ್ಡಿಲ್ಲ. ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ಆ ದಿನಗಳಲ್ಲಿ ಊಟ, ತಿಂಡಿ ಎರಡೂ ಆಯಿತು. ಕೊನೆಗೆ ಬ್ಯಾಂಕಿಗೆ ಹೋದರೆ, "ಎರಡೂ ವಾಪಸ್ ಬಂದಿವೆಯಲ್ಲ, ಈ ವಿಳಾಸದಲ್ಲಿ ಅಂಥವರು ಯಾರೂ ಸಿಗಲಿಲ್ಲವಂತೆ" ಅಂದರು. ತಪ್ಪು ಅಂಚೆಯವನದಲ್ಲ. ಅವನು ದೊಡ್ಡಗದ್ದವಳ್ಳಿಯನ್ನು ಹುಡುಕಿದ್ದಾನೆ. ಡಬ್ಬಿಯ ಮೇಲೆ ದೊಡ್ಡಗದ್ದವಳ್ಳಿ ಇರಲಿಲ್ಲ.

ಅವತ್ತೇ ಕಟ್ಟಡದ ಉಸ್ತುವಾರಿಯವನ ಹತ್ತಿರ ಹೋದೆ. ಹೌಸ್‌ಮೈಸ್ಟರ್ ಅಂತಾರೆ. ನನ್ನ ಪಾಸ್‌ಪೋರ್ಟ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟ್ ನೋಡಿದ. ಒಂದೊಂದೇ ಅಕ್ಷರ ಬೆರಳಿಟ್ಟು ಟೈಪ್ ಮಾಡಿ ಪಟ್ಟಿ ತೆಗೆದರೆ ಕೊನೆಯ ಮೂರು ಅಕ್ಷರ ತಗಡಿನ ಆಚೆ ಹೋಯಿತು. ಅಕ್ಷರ ಸಣ್ಣ ಮಾಡಿದ, ಸಾಲಲಿಲ್ಲ. ಇನ್ನೂ ಸಣ್ಣ ಮಾಡಿದ. ಬೆಲ್ಲಿಗೊಂದು, ಡಬ್ಬಿಗೊಂದು. ಹಳೇ ಚೀಟಿ ಕೆರೆದಾಗ ಅದರಡಿ ಇನ್ನೊಂದು, ಅದರಡಿ ಮತ್ತೊಂದು ಹೆಸರು ಕಂಡವು. ಎಷ್ಟು ಜನ ಬಂದುಹೋದರೋ.

ಈಗ ಬೋರ್ಡು ಓದುವುದು ನನಗೆ ಚಟ. ನಮ್ಮಲ್ಲಿ ಮ್ಯುಲರ್ ಇಬ್ಬರು, ಅಂದರೆ ಹಿಟ್ಟಿನ ಗಿರಣಿಯವರು. ಷ್ಮಿಟ್ ಕಮ್ಮಾರ. ಷ್ನೈಡರ್ ದರ್ಜಿ. ಸಿಮ್ಮರ್‌ಮನ್ ಬಡಗಿ. ಹುಬ್ಬಳ್ಳಿಯಿಂದ ಬಂದ ನನ್ನ ಸಹಪಾಠಿ ಬಡಿಗೇರ. ಅವನಿಗೆ ಇಲ್ಲಿ ನೆಂಟರು ಜಾಸ್ತಿ, ಬಿಡಿ. ಮೂವರು ವಿಯೆಟ್ನಾಮಿನವರೂ ಇದ್ದಾರೆ. 1980ರ ದಶಕದಲ್ಲಿ ಪೂರ್ವ ಜರ್ಮನಿಯ ಕಾರ್ಖಾನೆಗಳಿಗೆ ಅಲ್ಲಿಂದ ತುಂಬಾ ಜನ ಕೆಲಸಕ್ಕೆ ಬಂದಿದ್ದರು. ಈ ಹೆಸರುಗಳೆಲ್ಲ ಖಾಸಗಿ ಮಾಹಿತಿ, ಬೀದಿಗೆ ಕಾಣುವ ಹಾಗಿರಬಾರದು ಅನ್ನುವ ವಾದವೂ ಇದೆ. 2018ರಲ್ಲಿ ವಿಯೆನ್ನಾ ನಗರ ತನ್ನ ಸುಮಾರು 2 ಲಕ್ಷ 20 ಸಾವಿರ ಬಾಡಿಗೆ ಮನೆಗಳ ಬೆಲ್ಲಿನಿಂದ ಹೆಸರು ತೆಗೆದು ನಂಬರು ಹಾಕಲು ಹೊರಟಿತ್ತು. ಕಾನೂನಿನ ಮಾತು ನನಗೆ ಗೊತ್ತಾಗುವುದಿಲ್ಲ. ಆದರೆ ನಂಬರುಗಳ ಬೋರ್ಡು ಓದಲು ಯಾರು ನಿಲ್ಲುತ್ತಾರೆ?

ಹೆಸರು ಅಂಟಿಸಿದ ಮೇಲೆ ಮೊದಲು ಬಂದ ಕಾಗದ ರೇಡಿಯೋ, ಟಿವಿ ಶುಲ್ಕದ್ದು. ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕೊಡಬೇಕು. ಬ್ಯಾಂಕ್ ಕಾರ್ಡು ಬಂದಿದ್ದು ಅದಾದ ಮೇಲೆ. ಅಪ್ಪ ವಿಡಿಯೋ ಕಾಲ್‌ನಲ್ಲಿ ಡಬ್ಬಿ ತೋರಿಸು ಅಂದರು. ತೋರಿಸಿದೆ. ಕನ್ನಡಕ ಏರಿಸಿ ಓದಿಕೊಂಡು, "ಊರಲ್ಲೇ ನಮ್ಮನೆ ಬಾಗಿಲಿಗೆ ಒಂದು ಬೋರ್ಡಿಲ್ಲ ಕಣೋ" ಅಂದರು.

ಹೋದ ವಾರ ಮೂರನೇ ಮಹಡಿಯ ಅಜ್ಜಿಗೆ ಒಂದು ಪಾರ್ಸೆಲ್ ಬಂದಿತ್ತು. ಅವರು ಮನೆಯಲ್ಲಿರಲಿಲ್ಲ. ಇಲ್ಲಿ ಹಾಗಾದರೆ ಅಕ್ಕಪಕ್ಕದವರ ಹತ್ತಿರ ಕೊಟ್ಟು, ಯಾರ ಹತ್ತಿರ ಇದೆ ಅಂತ ಚೀಟಿ ಬಿಟ್ಟು ಹೋಗುತ್ತಾರೆ. ಸಂಜೆ ಅಜ್ಜಿ ಆ ಚೀಟಿ ಹಿಡಿದು ಬಾಗಿಲಿಗೆ ಬಂದರು. ಗೆರೆಯಲ್ಲಿ ಜಾಗ ಸಾಲದೆ ಅಂಚೆಯವನು ನನ್ನ ಹೆಸರಿನ ಬಾಲವನ್ನು ಮಡಚಿ ಅಂಚಿನಲ್ಲಿ ಮೇಲಕ್ಕೆ ಹತ್ತಿಸಿದ್ದ.

"ಹೆರ್ ಡೊಡಾ... ಗಡಾ... ಫಲಿ?"

ಪಾರ್ಸೆಲ್ ಕೊಟ್ಟೆ. ಅಜ್ಜಿ ಹೋಗಲಿಲ್ಲ. ಈ ಹೆಸರಿಗೆ ಏನರ್ಥ ಅಂತ ಕೇಳಿದರು. ಅದು ನಮ್ಮೂರು, ದೊಡ್ಡ ಅಂದರೆ ನಿಮ್ಮ ಗ್ರೋಸ್ ಅಂದೆ.

"ಹಾಗಾದರೆ ದೊಡ್ಡ ಊರು."

"ಇಲ್ಲ, ತುಂಬಾ ಚಿಕ್ಕದು."

ಅಜ್ಜಿ ತಲೆಯಾಡಿಸಿದರು. "ನಮ್ಮೂರು ಗ್ರೋಸೆನ್‌ಹೈನ್ ಕೂಡ ಅಷ್ಟೇ" ಅಂದು ಪಾರ್ಸೆಲ್ ಎತ್ತಿಕೊಂಡು ಲಿಫ್ಟಿನ ಕಡೆ ನಡೆದರು.