ಚಿಕ್ಕನಾಯಕನಹಳ್ಳಿಯಿಂದ ಚಿಕಾಗೋಗೆ

ವಿಮಾನ ಇದ್ದದ್ದು 14ನೇ ತಾರೀಖು ಬೆಳಗಿನ ಜಾವ 3 ಗಂಟೆ ಚಿಲ್ಲರೆಗೆ. ನಮ್ಮ ಮನೆಯವರು ಕ್ಯಾಲೆಂಡರಿನಲ್ಲಿ 14ರ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದು, "ರಾತ್ರಿ ಊಟ ಮುಗಿಸಿ ಹೊರಟರೆ ಸಾಕು" ಎಂದು ಟ್ಯಾಕ್ಸಿಯವನಿಗೂ ಹೇಳಿಟ್ಟಿದ್ದರು. 13ರ ಸಂಜೆ ನಾಲ್ಕಕ್ಕೆ ನಾನು ಆರಾಮಾಗಿ ಚಟ್ನಿಪುಡಿಗೆ ಕಡಲೆಬೇಳೆ ಹುರಿಯುತ್ತಿದ್ದೆ. ಚಿಕಾಗೋದಿಂದ ಮಗಳ ಫೋನು. ಅವಳಿಗೆ ಅಲ್ಲಿ ಬೆಳಗ್ಗೆ ಐದೂವರೆ.

"ಅಮ್ಮಾ, ಎಲ್ಲಿದ್ದೀಯ? ಮಂಡ್ಯ ದಾಟಿದ್ರಾ?"

"ಮಂಡ್ಯ ಯಾಕೆ ದಾಟಬೇಕು? ಇನ್ನೂ ಅಡುಗೆಮನೆ ದಾಟಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳು ಕೂಗಿದ್ದು ಕೇಳಿ, ಎಂಟು ತಿಂಗಳ ಬಸುರಿ ಹೀಗೆಲ್ಲ ಕೂಗಬಾರದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನಗೂ ಹೊಳೆಯಿತು. 14ರ ಬೆಳಗಿನ ಜಾವ ಅಂದರೆ ಇವತ್ತೇ ರಾತ್ರಿ.

ಮೈಸೂರಿಂದ ದೇವನಹಳ್ಳಿಗೆ ಏನಿಲ್ಲವೆಂದರೂ ನಾಲ್ಕು ಗಂಟೆ ದಾರಿ. ಕಡಲೆಬೇಳೆ ಬಾಣಲೆಯಲ್ಲೇ ಕಪ್ಪಾಯಿತು. ಪುಣ್ಯಕ್ಕೆ ಸೂಟ್‌ಕೇಸ್ ಎರಡೂ ಹಿಂದಿನ ದಿನವೇ ತುಂಬಿಯಾಗಿತ್ತು. ಒಂದೊಂದೂ 23 ಕೆ.ಜಿ. ದಾಟುವ ಹಾಗಿಲ್ಲ. ತೂಕ ನೋಡಿದ್ದು ಸ್ನಾನದ ಮನೆ ಮೂಲೆಯಲ್ಲಿ ಬಿದ್ದಿದ್ದ ತೂಕದ ಯಂತ್ರದ ಮೇಲೆ. ಮೊದಲು ನಮ್ಮ ಮನೆಯವರೊಬ್ಬರೇ ನಿಂತರು, 68. ಆಮೇಲೆ ಸೂಟ್‌ಕೇಸನ್ನು ತಬ್ಬಿಕೊಂಡು ನಿಂತರು. ತಬ್ಬಿಕೊಂಡವರಿಗೆ ಅಂಕಿ ಕಾಣುವುದಿಲ್ಲವಲ್ಲ, ಓದಲು ನಾನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಬೇಕು. 92.5.

"ಒಂದೂವರೆ ಕೆ.ಜಿ. ಜಾಸ್ತಿ. ಹುಣಸೆಹಣ್ಣು ತೆಗಿ."

"ಅದು ನೀವು ಈಗ ತಾನೇ ತಿಂದ ಮುದ್ದೆ ಕಣ್ರೀ."

ಕೊನೆಗೆ ಹುಣಸೆಹಣ್ಣೇ ಮನೆಯಲ್ಲಿ ಉಳಿಯಿತು.

ಹೊರಟಿದ್ದು ಮಗಳ ಬಾಣಂತನಕ್ಕೆ. ನಮ್ಮತ್ತೆಗೆ 87. ಅವರೊಬ್ಬರನ್ನೇ ಬಿಟ್ಟು ಇಬ್ಬರೂ ಹೋಗುವ ಹಾಗಿಲ್ಲ. ಹಾಗಾಗಿ ನಾನೊಬ್ಬಳೇ. ಮದುವೆಯಾಗಿ 34 ವರ್ಷಗಳಲ್ಲಿ ನಾನು ಒಬ್ಬಳೇ ಹೋದ ಅತಿ ದೂರದ ಊರು ನನ್ನ ತವರು, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ. ಅದೂ ಬಸ್ಸಿನಲ್ಲಿ. ಕಂಡಕ್ಟರಿಗೆ "ಇಳಿಯೋ ಜಾಗ ಬಂದಾಗ ಹೇಳಪ್ಪ" ಅಂದರೆ ಮುಗಿಯಿತು.

ವಿಮಾನ ನಿಲ್ದಾಣದ ಬಾಗಿಲಲ್ಲೇ ನಮ್ಮವರನ್ನು ತಡೆದರು. ಟಿಕೆಟ್ ಇಲ್ಲದವರು ಒಳಗೆ ಬರುವ ಹಾಗಿಲ್ಲವಂತೆ. ನಾನು ಗಾಡಿ ತಳ್ಳಿಕೊಂಡು ಒಳಗೆ ಹೋಗಿ ತಿರುಗಿ ನೋಡಿದರೆ, ಗಾಜಿನಾಚೆ ನಿಂತು ಅಂಗಿಯ ಜೇಬನ್ನು ಪಟಪಟ ತಟ್ಟುತ್ತಿದ್ದಾರೆ. ಪಾಸ್‌ಪೋರ್ಟ್ ಇದೆಯಾ ಅಂತ. ನಂಜನಗೂಡಿಗೆ ಹೊರಟರೂ ಮೂರು ಸಲ "ಬೀಗ ಹಾಕಿದ್ಯಾ?" ಅನ್ನುವ ಮನುಷ್ಯ. ಇದೆ ಎಂದು ಕೈ ಆಡಿಸಿದೆ. ಅದು ಅವರಿಗೆ 'ಇಲ್ಲ' ಎಂದು ಕಂಡಿತೋ ಏನೋ, ಗಾಬರಿಯಿಂದ ಕಾವಲಿನವನ ಜೊತೆ ವಾದಕ್ಕೆ ನಿಂತರು. ಬೆಂಗಳೂರಿನ ಎರಡನೇ ಟರ್ಮಿನಲ್ ತುಂಬಾ ಚೆಂದ, ಒಳಗೆಲ್ಲ ಬಿದಿರು, ಮೇಲಿಂದ ತೂಗುವ ಗಿಡಗಳು ಅಂತ ಎಲ್ಲರೂ ಹೇಳಿದ್ದರು. ನನಗೆ ನೆನಪಿರುವುದು ಆ ಗಾಜಿಗೆ ಅಂಟಿದ ಒಂದು ಮುಖ ಮಾತ್ರ.

ಸೂಟ್‌ಕೇಸ್ ಕೊಟ್ಟು ಉಸಿರು ಬಿಡುವಷ್ಟರಲ್ಲಿ ಬ್ಯಾಗ್ ತೆರೆದು ತೋರಿಸಬೇಕು, ಬನ್ನಿ ಎಂದು ಕರೆ ಬಂತು. ಒಂದು ಚಿಕ್ಕ ಕೋಣೆ. ಅಲ್ಲಿದ್ದ ಹುಡುಗ ಪರದೆಯ ಮೇಲೆ ಆರು ಉರುಟು ವಸ್ತು ತೋರಿಸಿ, "ಇದೇನಮ್ಮಾ?" ಎಂದ.

"ಉಂಡೆ ಕೊಬ್ಬರಿ ಕಣಪ್ಪ. ನಮ್ಮಣ್ಣನ ತೋಟದ್ದು."

"ಇದು ಹೋಗಲ್ಲ ಅಮ್ಮಾ. ಬೆಂಕಿ ಹತ್ಕೊಳ್ಳುತ್ತೆ."

ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆಯವರಿಗೆ ಈ ಮಾತು ಹೇಳಿ ನೋಡಿ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಡಗಡ ಅನ್ನಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟೂ ದಿನ ಅದರ ಕೆಳಗೇ ಒಲೆ ಉರಿಯುತ್ತಿತ್ತು ನಮ್ಮನೆಯಲ್ಲಿ. ಮೂರು ಹೊತ್ತು ಮುದ್ದೆ ಬೇಯುತ್ತಿತ್ತು. ನಮ್ಮಪ್ಪ ಬೇರೆ ಅದರ ಕೆಳಗೇ ಕೂತು ಬೀಡಿ ಸೇದುತ್ತಿದ್ದರು. ಆಗ ಹತ್ತಿಕೊಳ್ಳದ ಕೊಬ್ಬರಿ ಈಗ ಆಕಾಶಕ್ಕೆ ಹೋಗಿ ಹತ್ತಿಕೊಳ್ಳುತ್ತದೆಯೇ? ಹುಡುಗನಿಗೆ ಇಷ್ಟೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ನಮ್ದೂ ತುರುವೇಕೆರೆ ಅಮ್ಮಾ. ನನಗೂ ಗೊತ್ತು. ಆದ್ರೆ ರೂಲ್ಸು" ಎಂದ. ತುರುವೇಕೆರೆಯವನೇ ಹೀಗೆಂದ ಮೇಲೆ ಇನ್ನೇನು ಹೇಳುವುದು? ಆಮೇಲೆ ಅಳಿಯ ಹುಡುಕಿ ಹೇಳಿದ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಗಿಯಾಗಿ ತುಂಬಿಟ್ಟರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಂತೆ. ಅಪಾಯದ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ನಂಬರೇ ಇದೆಯಂತೆ. ನಮ್ಮಣ್ಣ ಇದನ್ನು ಕೇಳಿ ಸ್ವಲ್ಪ ಹೆಮ್ಮೆಪಟ್ಟ.

ಆರೂ ಅಲ್ಲೇ ಉಳಿದವು. "ನೀನಾದ್ರೂ ತಗೊಂಡು ಹೋಗಿ ಚಟ್ನಿ ಮಾಡ್ಸಪ್ಪ" ಎಂದೆ. ಅವನು ತೆಗೆದುಕೊಳ್ಳುವ ಹಾಗೂ ಇಲ್ಲವಂತೆ. ಕೊಬ್ಬರಿ ತುರಿದು ಮಾಡಿದ ಅಂಟಿನುಂಡೆಯ ಡಬ್ಬಿಯನ್ನು ಮಾತ್ರ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಕೋಣೆಯಿಂದ ಹೊರಬರುವಾಗ ಒಂಟಿ ಪ್ರಯಾಣದ ನಿಜವಾದ ಕಷ್ಟ ಏನೆಂದು ತಿಳಿಯಿತು. ದಾರಿ ತಪ್ಪುವುದಲ್ಲ, ಭಾಷೆ ಬಾರದಿರುವುದೂ ಅಲ್ಲ. ಬೈಯೋಕೆ ಪಕ್ಕದಲ್ಲಿ ಜನ ಇಲ್ಲದಿರುವುದು. "ನಿಮಗೆ ಆಗಲೇ ಹೇಳಿದ್ದೆ, ಕೊಬ್ಬರಿ ಬೇಡ ಅಂತ" ಎನ್ನಲು ತಿರುಗಿದರೆ ಯಾರೋ ಜಪಾನಿನವರು ನಿಂತಿದ್ದರು. (ಹೇಳಿರಲಿಲ್ಲ, ಆ ಮಾತು ಬೇರೆ.)

ಮೊದಲ ವಿಮಾನ ಫ್ರಾಂಕ್‌ಫರ್ಟ್‌ಗೆ. ನನ್ನ ಪಕ್ಕ ದಾವಣಗೆರೆಯ ಒಬ್ಬ ಹುಡುಗ, ಎಂ.ಎಸ್. ಓದಲು ಹೊರಟವನು. ದೀಪ ಆರಿಸಿ ಎಲ್ಲರೂ ನಿದ್ದೆಗೆ ಜಾರುವ ಹೊತ್ತಿಗೆ ಊಟ ಬಂತು. ಬೇರೆಯವರಿಗಿಂತ ಮೊದಲು ನನಗೇ ತಂದುಕೊಟ್ಟರು, ನನ್ನದು ವಿಶೇಷ ಊಟವಂತೆ. ಟಿಕೆಟ್ ಮಾಡಿಸುವಾಗ ನಮ್ಮ ಮನೆಯವರೇ ಪಟ್ಟಿಯನ್ನೆಲ್ಲ ಓದಿ, 'ಹಿಂದೂ ಮೀಲ್' ಎಂದಿದ್ದನ್ನು ಒತ್ತಿದ್ದರು. "ನೋಡೇ, ನಮಗೋಸ್ಕರಾನೇ ಇಟ್ಟಿದ್ದಾರೆ" ಎಂದು ಬೀಗಿದ್ದರು. ಬೆಳ್ಳಿ ಹಾಳೆ ಬಿಚ್ಚಿದೆ. ಕೋಳಿ.

ಬಟನ್ ಒತ್ತಿ ಕರೆದೆ. ಆಕೆ ಚೀಟಿ ನೋಡಿ ನಗುನಗುತ್ತಾ ಹೌದು ಮೇಡಂ, ಇದು ಹಿಂದೂ ಮೀಲ್ ಎಂದಳು. ವಿಮಾನದವರ ಭಾಷೆಯಲ್ಲಿ ಹಿಂದೂ ಮೀಲ್ ಅಂದರೆ ದನದ ಮಾಂಸ ಇಲ್ಲ ಎಂದಷ್ಟೇ ಅರ್ಥ. ಕೋಳಿ, ಕುರಿ, ಮೀನು ಏನು ಬೇಕಾದರೂ ಇರಬಹುದು. ಸಸ್ಯಾಹಾರ ಬೇಕಿದ್ದರೆ 'ಏಷಿಯನ್ ವೆಜಿಟೇರಿಯನ್' ಎಂದು ಹುಡುಕಿ ಒತ್ತಬೇಕು. ಹೊರಡುವವರು ಇದೊಂದನ್ನು ಬರೆದಿಟ್ಟುಕೊಳ್ಳಿ.

ನಾನು ಕೈಚೀಲದಲ್ಲಿ ಚಪಾತಿಗೆ ತಡಕಾಡುತ್ತಿದ್ದೆ. ಪಕ್ಕದ ಹುಡುಗ ತನ್ನ ತಟ್ಟೆಯನ್ನೇ ನೋಡುತ್ತಾ ಕೂತಿದ್ದ. ಅದರಲ್ಲಿ ಪಾಲಕ್ ಪನ್ನೀರು, ಅನ್ನ, ಕಡಲೆಕಾಳು. ಮೆಲ್ಲಗೆ ನನ್ನ ಕಡೆ ವಾಲಿದ.

"ಆಂಟಿ, ನಮ್ಮಮ್ಮ ನಂಗೆ ವೆಜ್ ಬುಕ್ ಮಾಡ್ಸಿದ್ದಾರೆ."

"ಒಳ್ಳೇದಾಯ್ತಲ್ಲಪ್ಪ."

"ಒಳ್ಳೇದೇ ಆಂಟಿ. ಆದ್ರೆ…" ಎಂದವನ ಕಣ್ಣು ನನ್ನ ತಟ್ಟೆಯ ಮೇಲೆ.

ತಟ್ಟೆ ಅದಲು ಬದಲಾಯಿತು. ಅವನು ಎಷ್ಟು ಭಕ್ತಿಯಿಂದ ತಿಂದನೆಂದರೆ, ನೋಡಿ ನನಗೇ ಸಂತೋಷವಾಯಿತು. ತಿಂದು ಬಾಯಿ ಒರೆಸಿಕೊಂಡು, "ಆಂಟಿ, ನೀವು ದಾವಣಗೆರೆ ಕಡೆ ಬರೋದಿಲ್ವಲ್ಲ?" ಎಂದು ಕೇಳಿ ಖಾತ್ರಿ ಮಾಡಿಕೊಂಡ. ತನ್ನ ತಟ್ಟೆಯಲ್ಲಿದ್ದ ಸೇಬನ್ನೂ ನನಗೇ ಕೊಟ್ಟ. ಹೊಟ್ಟೆ ತುಂಬಿತ್ತು, ಎಸೆಯಲು ಮನಸ್ಸಾಗದೆ ಕೈಚೀಲಕ್ಕೆ ಹಾಕಿಕೊಂಡೆ. ಆ ಸೇಬನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಫ್ರಾಂಕ್‌ಫರ್ಟ್‌ನಲ್ಲಿ ನಾಲ್ಕು ಗಂಟೆ ಕಾಯಬೇಕು. "ವೀಲ್‌ಚೇರ್ ಹೇಳ್ತೀನಮ್ಮ, ದಾರಿ ಹುಡುಕೋ ತಲೆನೋವಿರಲ್ಲ" ಎಂದು ಮಗಳು ಮೊದಲೇ ಹೇಳಿದ್ದಳು. ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವವಳು ನಾನು, ವೀಲ್‌ಚೇರ್ ಯಾಕೆ ಎಂದು ರೇಗಿದ್ದೆ. ಈಗ ನನ್ನ ವಿಮಾನದಲ್ಲೇ ಬಂದ ಮೂವರು ಗಟ್ಟಿಮುಟ್ಟು ಹೆಂಗಸರು ಬ್ಯಾಟರಿ ಗಾಡಿಯಲ್ಲಿ ಕೂತು, ಉತ್ಸವಮೂರ್ತಿಗಳ ಹಾಗೆ ನನ್ನ ಮುಂದೆಯೇ ಹಾದುಹೋದರು. ಒಬ್ಬಾಕೆ ಕೈಯನ್ನೂ ಬೀಸಿದಳು.

ಬಾಯಾರಿತ್ತು. ಒಂದು ಬಾಟಲಿ ನೀರು ಕೊಂಡೆ. ಬಾಟಲಿಗೇ ಬೇರೆ 25 ಸೆಂಟ್, ಖಾಲಿ ಬಾಟಲಿ ತಿರುಗಿಸಿದರೆ ವಾಪಸ್ ಕೊಡುತ್ತಾರಂತೆ. ಮುಚ್ಚಳ ತಿರುವಿದರೆ ಬುಸ್ ಅಂತ ಸೋಡಾ! ಜರ್ಮನಿಯವರಿಗೆ ನೀರೆಂದರೆ ಅದೇ. ನಿಂಬೆಹಣ್ಣೂ ಉಪ್ಪೂ ಇದ್ದಿದ್ದರೆ ಕುಡಿಯಬಹುದಿತ್ತು.

ಬಿ ಗೇಟಿನ ಮುಂದೆ ಕೂತೆ. ಚೀಟಿಯಲ್ಲಿ ಹಾಗೇ ಬರೆದಿತ್ತು. ತೂಕಡಿಕೆ ಬಂತು. ನಡುನಡುವೆ ಮೈಕಿನಲ್ಲಿ ಏನೋ ಕೂಗುತ್ತಿದ್ದರು. "ಪ್ಯಾಸೆಂಜರ್ ಚಿಕನ್… ಅಯಕನ… ಹಾಲಿ." ಯಾರೋ ಪಾಪ ಕೋಳಿಗೆ ಹೇಳಿ ಮರೆತು ಹೋಗಿದ್ದಾರೆ ಎಂದುಕೊಂಡೆ. ಎರಡನೇ ಸಲ ಕೂಗಿದಾಗಲೂ ಸುಮ್ನೆ ಇದ್ದೆ. ಮೂರನೇ ಸಲ ಆ 'ಹಾಲಿ' ಕಿವಿಯಲ್ಲಿ 'ಹಳ್ಳಿ'ಯಾಯಿತು. ಬೆನ್ನಲ್ಲಿ ಛಳಕ್ ಎಂದಿತು. ಚಿಕ್ಕನಾಯಕನಹಳ್ಳಿ! ಅದು ನಾನೇ!

ಶಾಲೆಯಲ್ಲಿ ನನ್ನ ಹೆಸರಿನ ಹಿಂದೆ ಇದ್ದದ್ದು ಬರೀ ಒಂದು 'ಸಿ'. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದರು. ಬಿಡಿಸಿದೆವು. ಇಂಗ್ಲಿಷಿನಲ್ಲಿ 19 ಅಕ್ಷರ. ಅಂದಿನಿಂದ ಜಗತ್ತಿನ ಪಾಲಿಗೆ ನಾನು ಮಿಸೆಸ್ ಚಿಕ್ಕನಾಯಕನಹಳ್ಳಿ, ಇಡೀ ತಾಲ್ಲೂಕನ್ನೇ ಮದುವೆಯಾದವಳ ಹಾಗೆ.

ಗೇಟು ಬದಲಾಗಿತ್ತು. ಜ಼ೆಡ್‌ಗೆ ಹೋಗಬೇಕಂತೆ. ಬಿ ಆದಮೇಲೆ ಜ಼ೆಡ್ ಅಂದರೆ ಇನ್ನು 24 ಅಕ್ಷರ ದಾಟಬೇಕಲ್ಲಪ್ಪ ಎಂದು ಅಳುವೇ ಬಂತು. ಅಲ್ಲಿ ಜ಼ೆಡ್ ಇರುವುದು ಎ ಗೇಟುಗಳ ನೆತ್ತಿಯ ಮೇಲೆ. ಆ ಅಕ್ಷರಮಾಲೆ ಕಲಿಸಿದ ಮೇಷ್ಟ್ರು ಯಾರೋ. ಸೀರೆ ಎತ್ತಿ ಸಿಕ್ಕಿಸಿ ಓಡಿದೆ. ಕುಕ್ಕರಹಳ್ಳಿ ಕೆರೆ ಕೈಬಿಡಲಿಲ್ಲ. ಗೇಟಿನಲ್ಲಿದ್ದ ಎತ್ತರದ ಗಂಡಸು ನನ್ನ ಪಾಸ್‌ಪೋರ್ಟ್ ನೋಡಿ, ಇಂಗ್ಲಿಷಿನಲ್ಲಿ "ಓ, ನಿಮ್ಮ ಹೆಸರು!" ಎಂದು ಹಣೆ ಒರೆಸಿಕೊಂಡ. ಸುಸ್ತಾಗಿದ್ದು ಅವನಿಗೇ ಜಾಸ್ತಿ ಎಂದು ಕಾಣುತ್ತದೆ.

ಚಿಕಾಗೋದ ವಲಸೆ ಅಧಿಕಾರಿಗೆ ಏನು ಹೇಳಬೇಕೆಂದು ಮಗಳು ತಿಂಗಳಿಂದ ಬಾಯಿಪಾಠ ಮಾಡಿಸಿದ್ದಳು. "ಮಗಳನ್ನು ನೋಡೋಕೆ ಬಂದಿದ್ದೀನಿ ಅನ್ನು, ಅಷ್ಟೇ. ಬಾಣಂತನ, ಅಡುಗೆ, ಮಗು ನೋಡ್ಕೊಳ್ಳೋದು ಅಂತೆಲ್ಲ ಶುರು ಮಾಡ್ಬೇಡ. ಕೆಲಸಕ್ಕೆ ಬಂದಿದ್ದೀಯ ಅಂದ್ಕೋತಾರೆ." ಒಪ್ಪಿಸಿದೆ. ಬೆರಳಚ್ಚು ಮಾತ್ರ ಯಂತ್ರಕ್ಕೆ ಹಿಡಿಯಲಿಲ್ಲ. 34 ವರ್ಷ ಪಾತ್ರೆ ತಿಕ್ಕಿ ಗೆರೆಗಳೇ ಸವೆದಿವೆ. ಕೆಲಸಕ್ಕೆ ಬಂದಿಲ್ಲ ಎಂದು ಬಾಯಿ ಹೇಳುತ್ತಿದ್ದರೆ ಕೈ ಬೇರೆಯೇ ಹೇಳುತ್ತಿತ್ತು. ನಾಲ್ಕನೇ ಸಲಕ್ಕೆ ಹೇಗೋ ಬಂತು. ಅಂತೂ ಪಾಸು.

ಸೂಟ್‌ಕೇಸ್ ತೆಗೆದುಕೊಂಡು ಹೊರಟೆ. ಜೋಲು ಕಿವಿಯ ಪುಟ್ಟ ನಾಯಿಯೊಂದು ಬಂದು ನನ್ನ ಕೈಚೀಲ ಮೂಸಿ, ಪಕ್ಕದಲ್ಲೇ ಜಾಣ ಮಗುವಿನ ಹಾಗೆ ಕೂತುಬಿಟ್ಟಿತು. ನಮ್ಮ ಬೀದಿಯ ರಾಜನ ನೆನಪಾಗಿ "ಏನೋ ಮರಿ" ಎಂದು ಬಗ್ಗಿದೆ. ಅದು ಕೂತಿದ್ದು ಪ್ರೀತಿಗಲ್ಲ. ಹಣ್ಣು, ತರಕಾರಿ, ಮಾಂಸದ ವಾಸನೆ ಹಿಡಿಯಲೆಂದೇ ಪಳಗಿಸಿದ ಬೀಗಲ್ ಅದು. ಬೊಗಳುವುದಿಲ್ಲ, ಕೂತು ತೋರಿಸುತ್ತದೆ. ದಾವಣಗೆರೆ ಹುಡುಗನ ಸೇಬು ಹೊರಗೆ ಬಂತು. ಕೋಳಿ ತಿಂದವನು ಅವನು, ಸಿಕ್ಕಿಬಿದ್ದವಳು ನಾನು. ದಂಡ ಹಾಕಬಹುದಿತ್ತು. ನನ್ನ ಮುಖ ನೋಡಿ ಬಿಟ್ಟರು. ಕರಿಬೇವು ತರಲೇಬೇಡ, ಅಲ್ಲಿ ಕಿತ್ತಳೆ ಗಿಡಗಳ ರೋಗದ ಭಯಕ್ಕೆ ಬಿಡುವುದಿಲ್ಲ ಎಂದು ಮಗಳು ಹೇಳಿದ್ದು ಪುಣ್ಯ. ಆದರೂ ಸೂಟ್‌ಕೇಸ್ ತೆರೆಸಿದರು. ಅಂಟಿನುಂಡೆ ಡಬ್ಬಿಯ ಮುಚ್ಚಳ ತೆಗೆದದ್ದೇ ತುಪ್ಪ, ಏಲಕ್ಕಿ ಘಮ್ಮೆಂದಿತು.

ಇದು ಯಾತಕ್ಕೆ ಎಂದು ಅಧಿಕಾರಿ ಕೇಳಿದ. ಬಾಯಿಪಾಠ ಎಲ್ಲ ಮರೆತು ಸತ್ಯ ಹೊರಬಿತ್ತು. "ಫಾರ್ ಡೆಲಿವರಿ, ಸರ್."

ಅವನ ಮುಖ ಬಿಗಿಯಾಯಿತು. ಯಾರಿಗೆ ಡೆಲಿವರಿ?

"ನನ್ನ ಮಗಳಿಗೆ."

ಅವಳು ದುಡ್ಡು ಕೊಡುತ್ತಾಳಾ?

"ಛೆ ಛೆ! ಮೊದಲನೇದು ತವರಿನವರದ್ದೇ ಖರ್ಚು!" ಇದನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ ದೇವರಿಗೇ ಗೊತ್ತು. ಅವನಿಗಂತೂ ಗೊತ್ತಾಗಲಿಲ್ಲ. ಕೊನೆಗೆ ಎರಡೂ ಕೈಯಿಂದ ನನ್ನ ಹೊಟ್ಟೆಯ ಮುಂದೆ ದೊಡ್ಡದೊಂದು ಗುಂಡು ಬರೆದೆ. ಪಕ್ಕದ ಮೇಜಿನ ಹೆಂಗಸು ಪಕ್ಕನೆ ನಕ್ಕು, ಅವನ ಕಿವಿಯಲ್ಲಿ ಏನೋ ಹೇಳಿದಳು. ಡಬ್ಬಿ ಮುಚ್ಚಿ ಕೊಟ್ಟರು. "ಅಜ್ಜಿಯಾಗ್ತೀರಾ? ಶುಭಾಶಯ" ಎಂದಳು ಆಕೆ. ಅವಳಿಗೊಂದು ಉಂಡೆ ಕೊಡಬೇಕೆನ್ನಿಸಿತು. ತಕ್ಷಣ ತುರುವೇಕೆರೆ ಹುಡುಗ ನೆನಪಾಗಿ ಸುಮ್ಮನಾದೆ.

ಮುಂದಿನ ಶನಿವಾರ ಮಗಳು, ಅಳಿಯ ಡೆವೊನ್ ಅವೆನ್ಯೂಗೆ ಕರೆದುಕೊಂಡು ಹೋದರು. ಚಿಕಾಗೋದಲ್ಲಿ ನಮ್ಮ ಕಡೆಯ ಅಂಗಡಿಗಳೆಲ್ಲ ಸಾಲಾಗಿರುವ ಬೀದಿ ಅದು. ಹುಣಸೆಹಣ್ಣು ಕೊಳ್ಳಲು ಹೋದವಳು ಒಂದು ಕಪಾಟಿನ ಮುಂದೆ ನಿಂತುಬಿಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಹೋಳು ಹೋಳು ಕೊಬ್ಬರಿ. ಬೆಲೆಯನ್ನು ರೂಪಾಯಿಗೆ ಗುಣಿಸಿ, ಆರು ಉಂಡೆಗೆ ಲೆಕ್ಕ ಹಾಕಿ, ಅಲ್ಲಿಂದಲೇ ಮೈಸೂರಿಗೆ ವೀಡಿಯೋ ಕಾಲ್ ಮಾಡಿದೆ. ಬೈಗುಳ ಬೇಕಾದಷ್ಟು ಉಳಿದಿತ್ತು.

"ನೋಡಿ ಇಲ್ಲಿ! ನನ್ನ ಜೊತೆ ಬಿಡಲ್ಲ ಅಂದ್ರು. ನನಗಿಂತ ಮುಂಚೆ ಬಂದು ಕೂತಿದೆ. ಇದನ್ನ ಯಾರು ಬಿಟ್ಟರಂತೆ?"

ಅವರು ಕನ್ನಡಕ ಏರಿಸಿಕೊಂಡು ಚೀಲವನ್ನು ಚೆನ್ನಾಗಿ ನೋಡಿದರು.

"ಹಡಗಲ್ಲಿ ಬಂದಿರುತ್ತೆ ಕಣೇ. ಹಡಗಿನವರದ್ದು ಲೆಕ್ಕ ಸರಿ ಇರುತ್ತೆ. ಅಲ್ಲಿ 14ನೇ ತಾರೀಖು ಅಂದ್ರೆ 14ನೇ ತಾರೀಖೇ."