ದುರ್ಯೋಧನ ಸಾರಿ ಕೇಳಿದ ಮೇಲೆ

ಇದು ಡಬ್ಲ್ಯೂಡಬ್ಲ್ಯೂಇ ಅನ್ನೋ ಅಮೆರಿಕದ ಕುಸ್ತಿ ಶೋ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, "ಅದೆಲ್ಲಾ ಫೇಕ್ ಅಲ್ವಾ ಗುರು?" ಅಂತ ಯಾರೂ ಕಾಮೆಂಟ್ ಹಾಕಬೇಡಿ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ ಅನ್ನೋದು ನನಗೆ ಎಂಟನೇ ಕ್ಲಾಸಿನಲ್ಲೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಇಪ್ಪತ್ತು ವರ್ಷ ಡಬ್ಲ್ಯೂಡಬ್ಲ್ಯೂಇ ನೋಡಿದ್ದೇನೆ.

ಶ್ರೀರಾಮಪುರದ ನಮ್ಮ ವಠಾರದಲ್ಲಿ ಈ ಕುಸ್ತಿಪಟುಗಳ ಫೋಟೋ ಇರೋ ಟ್ರಂಪ್ ಕಾರ್ಡ್ ಇಲ್ಲದ ಹುಡುಗನೇ ಇರಲಿಲ್ಲ. ಹೈಟ್, ವೆಯ್ಟ್, ಬೈಸೆಪ್ಸ್ ಎಲ್ಲಾ ಬಾಯಿಪಾಠ. ಮಗ್ಗಿ ಮಾತ್ರ ಹದಿನಾಲ್ಕರಲ್ಲೇ ನಿಂತಿತ್ತು. ನನ್ನ ಅಂಡರ್‌ಟೇಕರ್ ಕಾರ್ಡಿನ ಮೂಲೆ ಸವೆದು ಬಿಳಿ ಆಗಿತ್ತು. ಹಿಂದಿನಿಂದ ನೋಡಿದರೂ ಎಲ್ಲರಿಗೂ ಗುರುತು ಸಿಗುತ್ತಿತ್ತು, ಹಾಗಾಗಿ ಆಟದಲ್ಲಿ ಅದು ದಂಡ! ಅಮ್ಮ ಅಡುಗೆಮನೆಯಿಂದಲೇ "ಆ ಗೂಳಿಗಳ ಜಗಳ ಆಫ್ ಮಾಡೋ" ಅಂತ ಕೂಗೋರು.

2014ರಲ್ಲಿ ರೆಸಲ್‌ಮೇನಿಯಾದಲ್ಲಿ, ಅಂದರೆ ಅವರ ವರ್ಷದ ದೊಡ್ಡ ಶೋನಲ್ಲಿ, ಬ್ರಾಕ್ ಲೆಸ್ನರ್ ಕೈಯಲ್ಲಿ ಅಂಡರ್‌ಟೇಕರ್ ಸೋತ. ನಮಗೆ ಅದು ಸೋಮವಾರ ಬೆಳಗ್ಗೆ. ಅಲ್ಲಿವರೆಗೂ ಆ ಶೋನಲ್ಲಿ ಇಪ್ಪತ್ತೊಂದು ಗೆದ್ದು ಒಂದೂ ಸೋತಿರಲಿಲ್ಲ; ಪರದೆ ಮೇಲೆ 21-1 ಅಂತ ಬಂತು. ಕೈಯಲ್ಲಿದ್ದ ಕಾಫಿ ಆರಿಹೋಯಿತು. ಆಫೀಸಿಗೆ ಹೊಟ್ಟೆನೋವು ಅಂತ ಹೇಳಿ ರಜೆ ಹಾಕಿದೆ. ವಯಸ್ಸು ಇಪ್ಪತ್ತೈದು, ನಗಬೇಡಿ.

ಕುಣಿಗಲ್ ಹತ್ತಿರ ನಮ್ಮ ಅಜ್ಜಿ ಊರಿನಲ್ಲಿ ಕುರುಕ್ಷೇತ್ರ ನಾಟಕ ಹಾಕಿದರೆ ಜನ ಬೆಳಗಿನ ಜಾವದವರೆಗೂ ಕದಲುವುದಿಲ್ಲ. ಭೀಮ ತೊಡೆ ಮುರಿಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದರೂ ದುರ್ಯೋಧನ ಗದೆ ಹೆಗಲಿಗಿಟ್ಟು ಹಾಡು ಎತ್ತಿದರೆ ಒನ್ಸ್ ಮೋರ್ ಬೀಳುತ್ತೆ, ಎದೆಗೆ ನೋಟು ಸಿಕ್ಕಿಸುತ್ತಾರೆ. ಅವನು ಕೊನೇವರೆಗೂ ಛಲ ಬಿಡಲ್ಲ, ಅದಕ್ಕೇ.

ಈಗ ಜಾನ್ ಸೀನಾ ಕಥೆ ನೋಡಿ. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಮಕ್ಕಳ ಹೀರೋ. 2025ರ ಮಾರ್ಚ್ 1ರಂದು ಟೊರಾಂಟೊದಲ್ಲಿ ಆಗಿನ ಚಾಂಪಿಯನ್ ಕೋಡಿ ರೋಡ್ಸ್‌ನ ತಬ್ಬಿಕೊಂಡು, ಕಣ್ಣು ತಣ್ಣಗೆ ಮಾಡಿ, ಕಾಲಿನ ಮಧ್ಯಕ್ಕೆ ಒದ್ದ. ಹೀರೋ ವಿಲನ್ ಆಗಿಬಿಟ್ಟ. ಸೋಫಾದಿಂದ ಎದ್ದು ನಿಂತುಬಿಟ್ಟೆ. ಎಷ್ಟೋ ವರ್ಷದ ಮೇಲೆ ಮತ್ತೆ ಆ ವಠಾರದ ಹುಡುಗ ಆಗಿದ್ದೆ.

ಆಮೇಲೆ? ಏನೂ ಇಲ್ಲ. ಅವನನ್ನ ಹಿಂದೆ ನಿಂತು ಆಡಿಸಿದ ಹಳೇ ಸ್ಟಾರ್ ರಾಕ್ ರೆಸಲ್‌ಮೇನಿಯಾಕ್ಕೆ ಬರಲೇ ಇಲ್ಲ. ಸೀನಾಗೆ ಹದಿನೇಳನೇ ಟೈಟಲ್ ಸಿಕ್ಕಿತು, ಅದೂ ಸಪ್ಪೆ ಸಪ್ಪೆ. ಆಗಸ್ಟ್‌ನಲ್ಲಿ ಒಂದು ದಿನ ಬಂದು ತಪ್ಪಾಯ್ತು ಅನ್ನೋ ಥರ ಮಾತಾಡಿ ಮತ್ತೆ ಒಳ್ಳೆಯವನಾದ. ದುರ್ಯೋಧನ ನಡುರಾತ್ರಿ ಮೈಕ್ ಹಿಡಿದು "ಸಾರಿ, ಇನ್ಮೇಲೆ ನಾನು ಪಾಂಡವರ ಪಾರ್ಟಿ" ಅಂದರೆ ನಮ್ಮೂರಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಎದ್ದು ಹೊಡೀತಾರೆ.

ರಿಂಗಿನ ನೆಲದ ತುಂಬಾ ಜಾಹೀರಾತು, ರೆಸಲ್‌ಮೇನಿಯಾ ಎರಡು ದಿನ, ಇದನ್ನೆಲ್ಲಾ ಸಹಿಸಿಕೊಂಡಿದ್ದೆ. ಸುಳ್ಳು ಹೇಳಿ, ಪರವಾಗಿಲ್ಲ. ಹೇಳಿದ ಸುಳ್ಳಿಗೆ ನೀವಾದರೂ ನಿಯತ್ತಾಗಿರಬೇಕಲ್ವಾ?

ವಾರದ ಶೋ ನೋಡೋಕೆ ಇಟ್ಟಿದ್ದ ಮಂಗಳವಾರ ಬೆಳಗ್ಗೆ ಐದೂವರೆಯ ಅಲಾರಂ ತೆಗೆದುಹಾಕಿದೆ. ಡಿಸೆಂಬರ್‌ನ ಒಂದು ಭಾನುವಾರ ಬಸವೇಶ್ವರನಗರದ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದೆ. ಹಳೇ ವಠಾರದ ಗೆಳೆಯ ಫೋನ್ ಮಾಡಿದ. "ಸೀನಾ ಕೊನೇ ಮ್ಯಾಚಲ್ಲಿ ಗುಂಥರ್‌ಗೆ ಟ್ಯಾಪ್ ಔಟ್ ಮಾಡಿಬಿಟ್ಟ ಕಣೋ, ಸೋಲೊಪ್ಪಿಕೊಂಡುಬಿಟ್ಟ!" ದನಿ ನಡುಗುತ್ತಿತ್ತು.

"ಹೌದಾ?" ಅಂದೆ. ಆಮೇಲೆ ಫೋನ್ ಕಿವಿಗೆ ಸಿಕ್ಕಿಸಿಕೊಂಡೇ ಕೌಂಟರ್‌ಗೆ ಹೋಗಿ ಇನ್ನೊಂದು ಸ್ವಲ್ಪ ಚಟ್ನಿ ಹಾಕಿಸಿಕೊಂಡೆ.