ನಾಲ್ಕೂವರೆಗೆ ಮನೆಗೆ ಬರುವವರು

ಬೆಳಗಿನ ಜಾವ ನಾಲ್ಕೂವರೆಗೆ ನಮ್ಮ ತಲೆಯ ಮೇಲೆ ಯಾರೋ ನಡೆಯುತ್ತಾರೆ ಎಂದು ಮೊದಲು ಹೇಳಿದವಳು ನನ್ನ ಹೆಂಡತಿ. ಸದ್ದು ನನಗೂ ಕೇಳಿಸಿತ್ತು. ಕೇಳಿಸಿತು ಎಂದು ಒಪ್ಪಿಕೊಂಡರೆ ಎದ್ದು ಹೋಗಿ ನೋಡಬೇಕಾಗುತ್ತದಲ್ಲ ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದೆ, ಅಷ್ಟೆ.

ಮಲ್ಲೇಶ್ವರದ ನಮ್ಮ ಮನೆ ಅರ್ಧ ಹಳೆಯದು, ಅರ್ಧ ಹೊಸದು. ಮುಂಭಾಗಕ್ಕೆ ಮಂಗಳೂರು ಹೆಂಚು, ಅದರ ಕೆಳಗೆ ಹಲಗೆಯ ಮುಚ್ಚಿಗೆ. ಹಿಂಭಾಗಕ್ಕೆ ತಾರಸಿ, ತಾರಸಿಯ ಮೇಲೊಂದು ಕೋಣೆ. ಆ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗ ಅಮೆರಿಕದ ಹಗಲಿಗೆ ಸರಿಯಾಗಿ ಇಲ್ಲಿ ರಾತ್ರಿ ದುಡಿಯುವವನು. ಸಂಜೆ ಏಳೂವರೆಗೆ ಕ್ಯಾಬ್ ಹತ್ತಿದರೆ ಮರಳುವುದು ಬೆಳಗಿನ ಜಾವಕ್ಕೆ. ಹೀಗಾಗಿ ತಪ್ಪಿತಸ್ಥನನ್ನು ಹುಡುಕಲು ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಭಾನುವಾರ ಮೆಟ್ಟಿಲು ಹತ್ತಿ ಹೋಗಿ, "ನೋಡಪ್ಪ, ಬಂದ ಮೇಲೆ ಸ್ವಲ್ಪ ಮೆತ್ತಗೆ ಓಡಾಡಬೇಕು" ಎಂದೆ. ಅವನು ಕಣ್ಣುಜ್ಜಿಕೊಳ್ಳುತ್ತಾ, "ನಾನೇ ಕೇಳಬೇಕೆಂದಿದ್ದೆ ಅಂಕಲ್. ಅಷ್ಟು ಹೊತ್ತಿಗೇ ಎದ್ದು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಯಾಕೆ ಎಳೆದಾಡುತ್ತೀರಿ?" ಎಂದ.

ನಮ್ಮ ಅಟ್ಟದಲ್ಲಿ ಪಾತ್ರೆಗಳೇ ಇಲ್ಲ.

ಆಮೇಲಿನ ಒಂದು ವಾರ ಮನೆಯಲ್ಲಿ ಸಿದ್ಧಾಂತಗಳ ಸುಗ್ಗಿ. ಕಳ್ಳ ಎಂದಳು ಹೆಂಡತಿ. ಮನೆದೇವರ ಹರಕೆ ಬಾಕಿ ಇದೆ ಎಂದರು ನಮ್ಮತ್ತೆ. ಹೆಗ್ಗಣ ಎಂದೆ ನಾನು. ಯಾರ ಮಾತಿಗೂ ಹೊಂದದ ಪುರಾವೆ ತಾರಸಿಯ ಮೇಲೆ ದಿನವೂ ಬೀಳುತ್ತಿತ್ತು: ಅರ್ಧ ತಿಂದ ಸಪೋಟ, ಮತ್ತು ನೀರಿನ ತೊಟ್ಟಿಯ ಪಕ್ಕದಲ್ಲಿ, ಕ್ಷಮಿಸಿ, ಸಪೋಟದ ಬೀಜಗಳೇ ತುಂಬಿದ ಹಿಕ್ಕೆ. ಕಳ್ಳನಾಗಲಿ ದೇವರಾಗಲಿ ಅಂಥದ್ದನ್ನು ಬಿಟ್ಟುಹೋಗುವುದಿಲ್ಲ.

ಕೊನೆಗೆ ಅದನ್ನು ಕಂಡವನು ಆ ಹುಡುಗನೇ. ಕ್ಯಾಬ್ ಇಳಿದು ಗೇಟು ತೆಗೆಯುವಾಗ, ರಸ್ತೆಯಾಚೆಯ ಕಂಬದಿಂದ ನಮ್ಮ ಸೂರಿನವರೆಗೆ ಜೋತುಬಿದ್ದ ಕೇಬಲ್ ಮೇಲೆ ಏನೋ ನಡೆದು ಬರುತ್ತಿತ್ತಂತೆ. ಮೊಬೈಲಿನಲ್ಲಿ ಹಿಡಿದ ಚಿತ್ರದಲ್ಲಿ ಎರಡು ಹೊಳೆಯುವ ಚುಕ್ಕೆಗಳೂ ಮೈಯಷ್ಟೇ ಉದ್ದದ ಒಂದು ಕರಿ ಬಾಲವೂ ಇದ್ದವು. ಮರಬೆಕ್ಕು! ಕೇಬಲ್ ಟಿವಿಯನ್ನು ಎಲ್ಲರೂ ಬಿಟ್ಟ ಮೇಲೂ ನಮ್ಮ ಬೀದಿಯಲ್ಲಿ ಅದರ ತಂತಿಗೆ ಒಬ್ಬ ಗಿರಾಕಿ ಉಳಿದಿದ್ದಾನೆಂದು ಆಗ ತಿಳಿಯಿತು.

ಪತ್ರಿಕೆಯವರು ಇದನ್ನು ಸಾರಾಸಗಟಾಗಿ ಪುನುಗು ಬೆಕ್ಕು ಎಂದು ಬರೆಯುತ್ತಾರೆ. ತಿರುಪತಿ ತಿಮ್ಮಪ್ಪನಿಗೆ ಸಲ್ಲುವ ಪುನುಗಿನ ಬೆಕ್ಕು ಬೇರೆಯದು; ಅದು ಸಣ್ಣದು, ಹೆಚ್ಚಾಗಿ ನೆಲದ ಮೇಲೆಯೇ ಓಡಾಡುವಂಥದು. ನಮ್ಮ ಅತ್ತೆಗೆ ಈ ಭೇದವನ್ನು ನಾನು ಹೇಳಲಿಲ್ಲ. ತಿಮ್ಮಪ್ಪನ ಬೆಕ್ಕು ಎಂದಮೇಲೆ ಅವರ ಹರಕೆಯ ಚಿಂತೆ ತಾನಾಗಿ ಇಳಿದಿತ್ತು. ಅಸಲಿಗೆ ಮರಬೆಕ್ಕಿಗೂ ಒಂದು ಪರಿಮಳವಿದೆ. ಬಂಗಾಳಿಗಳು ಅದನ್ನು ಗಂಧಗೋಕುಲ ಎಂದು ಕರೆಯುವುದು ಅದಕ್ಕೇ. ಪಲಾವಿನ ಅಕ್ಕಿಯ ಘಮ ಎನ್ನುತ್ತಾರೆ. ಮುಚ್ಚಿಗೆಯ ಸಂದಿಯಿಂದ ಗಂಧಸಾಲೆ ಅನ್ನ ಬೇಯುವಂಥ ವಾಸನೆ ಒಮ್ಮೊಮ್ಮೆ ಇಳಿದು ಬರುತ್ತಿದ್ದಾಗ ನಾನು ಅದನ್ನು ಪಕ್ಕದ ಮನೆಯವರ ಲೆಕ್ಕಕ್ಕೆ ಬರೆದು ಹೊಟ್ಟೆಕಿಚ್ಚು ಪಟ್ಟಿದ್ದೆ.

ಹಣ್ಣನ್ನು ಆರಿಸುವುದರಲ್ಲಿ ಅದಕ್ಕೆ ನಾನು ಸಮನಲ್ಲ. ನಾನು ಹಿಸುಕಿ ನೋಡಿ ಕಿತ್ತ ಸಪೋಟದಲ್ಲಿ ಮೂರಕ್ಕೊಂದು ಒಗರು. ಅದು ಕತ್ತಲಲ್ಲಿ ಮೂಸಿಯೇ ಕಳಿತದ್ದನ್ನು ಹಿಡಿಯುತ್ತದೆ. ಕೊಡಗಿನ ತೋಟಗಳಲ್ಲಿ ಇದರ ಈ ನಾಲಿಗೆಯನ್ನೇ ನಂಬಿದ ವ್ಯಾಪಾರವಿದೆ: ಮಾಗಿದ ಕಾಫಿ ಹಣ್ಣನ್ನಷ್ಟೇ ಆರಿಸಿ ತಿನ್ನುತ್ತದೆ, ಬೀಜ ಇಡಿಯಾಗಿ ಹೊರಬೀಳುತ್ತದೆ, ಜನ ಅದನ್ನು ತೊಳೆದು ಒಣಗಿಸಿ ಹುರಿದು ಹತ್ತಾರು ಪಟ್ಟು ಬೆಲೆಗೆ ಮಾರುತ್ತಾರೆ. ನಮ್ಮ ತಾರಸಿಗೂ ಅದೇ ಬಗೆಯ ಸರಕು ಇಳಿಯುತ್ತದೆ. ಸಪೋಟ ಬೀಜಕ್ಕೆ ಮಾರುಕಟ್ಟೆಯಿಲ್ಲದ್ದು ನಮ್ಮ ಹಣೆಬರಹ.

ಇದರ ದೆಸೆಯಿಂದ ನನಗೆ ರಾತ್ರಿ ಎಚ್ಚರವಾಗಿರುವ ಚಟ ಹತ್ತಿತು. ಎಂಟು ಗಂಟೆಗೆ ಗಸಗಸೆ ಹಣ್ಣಿನ ಮರಕ್ಕೆ ಬಾವಲಿಗಳು ಬರುತ್ತವೆ. ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಅವು ಮಾಡುವ ಚಿತ್ತಾರ ಮಾಲೀಕರಿಗೆ ಬೆಳಿಗ್ಗೆಯೇ ಕಾಣುವುದು. ಹನ್ನೊಂದರ ಮೇಲೆ ಚರಂಡಿಯ ಕಲ್ಲಿನ ಸಂದಿಯಿಂದ ಹೆಗ್ಗಣಗಳು ಹೊರಡುತ್ತವೆ, ಅವುಗಳ ಹಿಂದೆಯೇ ಕಣಜದ ಗೂಬೆ. ಅದರ ಕೂಗು ಹರಿದ ಬಟ್ಟೆಯನ್ನು ಇನ್ನಷ್ಟು ಹರಿದಂತೆ. ಹಾಲಕ್ಕಿಯೂ ಇದೆ, ಅದು ನುಡಿದದ್ದನ್ನು ಬಿಡಿಸಿ ಹೇಳಲು ಬುಡಬುಡಿಕೆಯವನು ಮಾತ್ರ ಈಚೆಗೆ ನಮ್ಮ ಬೀದಿಗೆ ಬರುತ್ತಿಲ್ಲ.

ಪತ್ರಿಕೆಗೆ ಇವು ಯಾವುವೂ ಸುದ್ದಿಯಲ್ಲ, ಅಲ್ಲಿ ಚಿರತೆಯೇ ಬೇಕು. ಸುದ್ದಿ ಸುಳ್ಳೆಂದಲ್ಲ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಪೂರ್ವದಂಚಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತ್ತು. 2024ರ ಡಿಸೆಂಬರ್ ಕೊನೆಯ ದಿನ ಮೈಸೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಆವರಣದಲ್ಲಿ ಕಾಣಿಸಿಕೊಂಡಾಗ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದು ಅಪ್ಪಣೆಯಾಯಿತು. ನಮ್ಮ ಮೇಲಿನ ಹುಡುಗ ಆ ಸುದ್ದಿಯನ್ನು ಎರಡು ಸಲ ಓದಿದ. ಅವನು ಎರಡು ವರ್ಷದಿಂದ ಕೇಳುತ್ತಿದ್ದರೂ ಸಿಗದ ಸೌಲಭ್ಯ ಅದು.

ನನ್ನ ಮನಸ್ಸು ಹಿಡಿದಿಟ್ಟದ್ದು ಚಿರತೆಯಲ್ಲ, ಕಾಡುಪಾಪ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಇದೆ. 1909ರಲ್ಲಿ ಶುರುವಾದಾಗ ಮೈಸೂರು ಸಂಸ್ಥಾನ ಅದಕ್ಕೆ ಕೊಟ್ಟದ್ದು 371 ಎಕರೆ. ಈಗ ಊರೆಲ್ಲ ಕಟ್ಟಡವಾಗಿರುವಾಗ ಅಲ್ಲಿ ಕೊಂಬೆಗೆ ಕೊಂಬೆ ತಾಗುವಷ್ಟು ಮರಗಳಿವೆ. ಪರಿಚಯದ ವಿದ್ಯಾರ್ಥಿಗಳ ಜೊತೆ ಒಂದು ರಾತ್ರಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಹೋದೆ. ಒಂದು ಗಂಟೆ ಸೊಳ್ಳೆಗಳಿಗೆ ರಕ್ತದಾನ ಮಾಡಿದ ಮೇಲೆ ಬಿದಿರು ಮೆಳೆಯಲ್ಲಿ ಎರಡು ಕೆಂಡ ಕಂಡವು. ಕಾಲು ಕಿಲೋ ತೂಗುವ ಪ್ರಾಣಿ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಒಂದು ಕೈ ಚಾಚಿ, ಮುಂದಿನ ರೆಂಬೆ ಸಿಕ್ಕ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ನಮ್ಮ ಅತ್ತೆ ಮೆಟ್ಟಿಲು ಇಳಿಯುವ ಹಾಗೆ. ನಡುವೆ ಒಂದು ಮರ ಕಡಿದರೆ ಮುಂದಿನ ಮರ ಅದಕ್ಕೆ ಪರದೇಶ. ವಿದ್ಯುತ್ ತಂತಿಯನ್ನು ರೆಂಬೆಯೆಂದು ಹಿಡಿದು ಸತ್ತವೂ ಇವೆ. ಅದು ನಮ್ಮತ್ತ ನೋಡಿತು. ನಾಲ್ವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ಒಂದು ಹುಳವನ್ನು ಹಿಡಿದು, ಕಣ್ಣು ಮುಚ್ಚಿ, ಸಾವಧಾನವಾಗಿ ತಿಂದಿತು.

ಮರಬೆಕ್ಕಿಗೆ ಬರೋಣ. ವನ್ಯಜೀವಿ ರಕ್ಷಣೆಯ ಸ್ವಯಂಸೇವಕರೊಬ್ಬರಿಗೆ ಫೋನು ಮಾಡಿದೆ. ಹಿಡಿದು ಬೇರೆಡೆ ಬಿಟ್ಟರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಮರಿಗಳಿಲ್ಲವೆಂದು ನೋಡಿಕೊಂಡು, ಕತ್ತಲಾಗಿ ಅದು ಹೊರಗೆ ಹೋದ ಮೇಲೆ ಒಡೆದ ಹೆಂಚನ್ನು ಬದಲಿಸಿ, ಅಷ್ಟು ಸಾಕು ಎಂದರು. ಕೇಳಲು ಸುಲಭ. ಹೆಂಚು ಹೊದಿಸುವವನು ಬರುವುದು ಬೆಳಿಗ್ಗೆ ಹತ್ತಕ್ಕೆ. ಆಗ ಅದು ಒಳಗೆ ಮಲಗಿರುತ್ತದೆ. ಅದು ಹೊರಡುವ ಏಳೂವರೆಗೆ ಅವನು ತನ್ನ ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ. ಅವನಿಗೆ ಎರಡು ಪಟ್ಟು ಕೂಲಿ ಕೊಡುತ್ತೇನೆಂದೆ. "ರಾತ್ರಿ ಹೊತ್ತು ಮಾಡು ಹತ್ತುವುದಿಲ್ಲ ಸ್ವಾಮಿ, ಅಲ್ಲೇನಿರುತ್ತದೋ ಏನೋ" ಎಂದ. ಅಲ್ಲೇನಿದೆ ಎಂದು ಗೊತ್ತಿದ್ದೇ ಅವನನ್ನು ಕರೆದಿದ್ದೆವು ಎಂದು ಹೇಳಲು ಬಾಯಿ ಬರಲಿಲ್ಲ. ಹೆಂಚು ಹಾಗೆಯೇ ಇದೆ. ಮಳೆ ಬಂದರೆ ಕೆಳಗೊಂದು ಬಕೆಟ್ ಇಡುತ್ತೇವೆ.

ಮೊನ್ನೆ ಹುಡುಗನ ಕ್ಯಾಬ್ ದಾರಿಯಲ್ಲಿ ಕೆಟ್ಟು ನಿಂತಿತಂತೆ. ನಾಲ್ಕು ಮುಕ್ಕಾಲಿಗೆ ನನ್ನ ಮೊಬೈಲ್ ಮಿನುಗಿತು: "ಅಂಕಲ್, ನಾನಿನ್ನೂ ಹೆಬ್ಬಾಳದಲ್ಲಿದ್ದೇನೆ. ಅದು ಬಂತೇ?"

ಮುಚ್ಚಿಗೆಯ ಮೇಲೆ ಹೆಜ್ಜೆಗಳು ಮೂಲೆಗೆ ಹೋಗಿ, ಒಂದು ಸುತ್ತು ಸುತ್ತಿ, ನಿಂತವು. ಈಗಷ್ಟೇ ಬಂತು ಎಂದು ಬರೆದೆ.